ಕಡಲಿನ ಅಲೆಯಿಂದ ಕರೆಂಟು: ಬೇಗೂರಿನ ನಮಗೆ ಅದರಿಂದೇನು?

(ಸಂಘದ ಬೆಳ್ಳಿ ಹಬ್ಬದ ಅಂಗವಾಗಿ ಏರ್ಪಡಿಸಿದ್ದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಮುದ್ರದ ಅಲೆಯಿಂದ ವಿದ್ಯುತ್ ತಯಾರಿಸುವ ವಿಚಾರವಾಗಿ ನಾಲ್ಕು ಮಾತು ಆಡಬೇಕೆಂದು ಸಂಘದ ಯುವಕರು ಅಪ್ಪಣೆ ಮಾಡಿದ್ದಾರೆ. "ಬೇಗೂರಲ್ಲಿ ಇರೋದು ಕೆರೆ. ಸಮುದ್ರ ಅಂದ್ರೆ ಮಂಗಳೂರಿಗೆ ಹೋಗಬೇಕು, ಸುಮಾರು 350 ಕಿಲೋಮೀಟರು. ನಮಗ್ಯಾಕೆ ಈ ಉಸಾಬರಿ?" ಎಂದು ಹಿರಿಯರೊಬ್ಬರು ಆಗಲೇ ಕೇಳಿದರು. ನ್ಯಾಯವಾದ ಪ್ರಶ್ನೆ. ಮೊದಲು ಅದಕ್ಕೇ ಉತ್ತರ ಹೇಳಿ ಮುಂದೆ ಹೋಗೋಣ.

ನಮ್ಮ ಮನೆಗೆ ಬರುವ ಕರೆಂಟು ಯಾವತ್ತೂ ನಮ್ಮೂರಲ್ಲಿ ಹುಟ್ಟಿದ್ದಲ್ಲ. 1902ರಲ್ಲಿ ಕಾವೇರಿಯ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿ ದೀಪ ಉರಿದದ್ದು 1905ರ ಆಗಸ್ಟ್ 5ರಂದು. ಆಮೇಲೆ ಜೋಗದಿಂದ ಬಂತು, ಶರಾವತಿಯಿಂದ ಬಂತು, ರಾಯಚೂರಿನ ಕಲ್ಲಿದ್ದಲಿನಿಂದ ಬಂತು. ಈಗ ಪಾವಗಡದ ಬಿಸಿಲಿನಿಂದಲೂ ಬರ್ತಾ ಇದೆ. ಯಾವುದೋ ಊರಿನ ನೀರು, ಯಾವುದೋ ಊರಿನ ನೆಲ, ಯಾವುದೋ ಊರಿನ ಬೂದಿ. ದೀಪ ಮಾತ್ರ ನಮ್ಮ ಮನೆಯಲ್ಲಿ. ಹಾಗಾಗಿ ನಾಳೆ ಕಡಲಿನಿಂದಲೂ ವಿದ್ಯುತ್ತು ಬಂದರೆ ಅದನ್ನು ಉರಿಸುವವರು ನಾವೇ. ಉರಿಸುವವರಿಗೆ ಅದು ಎಲ್ಲಿಂದ ಬಂತು, ಯಾರಿಗೆ ಏನು ಖರ್ಚು ಬಿತ್ತು ಅನ್ನೋದು ಗೊತ್ತಿರಬೇಕು.

ಇನ್ನೊಂದು ಮಾತು. ಬೆಂಗಳೂರಿಗೆ ದೀಪ ಬಂದ ಅದೇ 1905ರ ಜುಲೈನಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ನಾಡಿನ ಮೊದಲ ಸಹಕಾರ ಸಂಘವನ್ನು ಕಟ್ಟಿದರು. ವಿದ್ಯುತ್ತೂ ಸಹಕಾರವೂ ನಮ್ಮಲ್ಲಿ ಒಂದೇ ವಾರಿಗೆಯವು. ಇವೆರಡನ್ನೂ ಒಟ್ಟಿಗೆ ಯೋಚಿಸುವುದರಲ್ಲಿ ತಪ್ಪೇನಿಲ್ಲ.

ಈಗ ವಿಷಯಕ್ಕೆ ಬರೋಣ. ನಮ್ಮ ಹಿರಿಯರಿಗೆ ನೀರಿನಿಂದ ಕೆಲಸ ತೆಗೆಯೋದು ಗೊತ್ತಿತ್ತು. ಕೆರೆ ಕಟ್ಟಿದರು, ತೂಬು ಇಟ್ಟರು. ಎತ್ತರದಲ್ಲಿ ನಿಂತ ನೀರು ತೂಬಿನಿಂದ ಇಳಿಯುವಾಗ ಅದಕ್ಕೊಂದು ರಭಸ ಇರ್ತದೆ. ಶಿವನಸಮುದ್ರವಾಗಲಿ ಶರಾವತಿಯಾಗಲಿ ಇದೇ ಲೆಕ್ಕ: ಮೇಲಿನ ನೀರು ಕೆಳಕ್ಕೆ ಬೀಳಬೇಕು, ಬೀಳುವಾಗ ಚಕ್ರ ತಿರುಗಬೇಕು. ಆದರೆ ಸಮುದ್ರದ ನೀರು ಬೀಳೋದಿಲ್ಲ. ಅದು ನಿಂತಲ್ಲೇ ಏಳ್ತದೆ, ನಿಂತಲ್ಲೇ ಇಳೀತದೆ. ಗಾಳಿ ಬೀಸುವ ದಿವಸ ನಮ್ಮ ಕೆರೆಯ ಮೇಲೆ ಒಣಗಿದ ಎಲೆಯೊಂದು ತೇಲುವುದನ್ನು ನೋಡಿ. ತೆರೆ ದಡದವರೆಗೆ ಓಡಿ ಬರ್ತದೆ, ಎಲೆ ಮಾತ್ರ ಇದ್ದಲ್ಲೇ ಮೇಲೆ ಕೆಳಗೆ ಆಡ್ತಾ ಇರ್ತದೆ. ಅಂದರೆ ಮುಂದಕ್ಕೆ ಬರೋದು ನೀರಲ್ಲ, ಶಕ್ತಿ. ಅಳುಕಾಡಿಸಿದ ಹಗ್ಗದಲ್ಲಿ ಅಲೆ ಓಡ್ತದೆ, ಹಗ್ಗ ಕೈಬಿಟ್ಟು ಹೋಗೋದಿಲ್ಲವಲ್ಲ, ಹಾಗೆ.

ಈ ಶಕ್ತಿ ಎಲ್ಲಿಂದ ಬಂತು? ಸೂರ್ಯನ ಬಿಸಿಲಿಗೆ ಗಾಳಿ ಎದ್ದಿತು, ಗಾಳಿ ನೀರನ್ನು ಉಜ್ಜಿ ಅಲೆ ಎಬ್ಬಿಸಿತು. ಬಿಸಿಲಿನ ಮೊಮ್ಮಗ ಅಲೆ ಅಂದರೂ ಆದೀತು. ಉಬ್ಬರ ಇಳಿತ ಬೇರೆ. ಅದು ಚಂದ್ರ ಸೂರ್ಯರ ಸೆಳೆತದಿಂದ ಆಗುವಂಥದ್ದು, ಹೊತ್ತು ಹೇಳಿ ಬರುವಂಥದ್ದು. ಫ್ರಾನ್ಸಿನ ರಾನ್ಸ್ ನದಿಯ ಮುಖದಲ್ಲಿ 1966ರಿಂದ ಉಬ್ಬರದ ವಿದ್ಯುತ್ ಸ್ಥಾವರ ಇದೆ, 240 ಮೆಗಾವ್ಯಾಟ್ ಸಾಮರ್ಥ್ಯದ್ದು. ಅದಕ್ಕೆ ಏಳು ಎಂಟು ಮೀಟರು ನೀರು ಏರಿ ಇಳಿಯುವ ಜಾಗ ಬೇಕು. ನಮ್ಮ ಕರಾವಳಿಯಲ್ಲಿ ಅಷ್ಟು ಉಬ್ಬರ ಇಲ್ಲ. ನಮಗೆ ಏನಾದರೂ ದಕ್ಕುವುದಾದರೆ ಅಲೆಯೇ.

ಅಲೆಯ ಲೆಕ್ಕದಲ್ಲಿ ಒಂದು ಸ್ವಾರಸ್ಯ ಇದೆ. ಅಲೆ ಎರಡು ಪಟ್ಟು ಎತ್ತರವಾದರೆ ಶಕ್ತಿ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಮೂರು ಪಟ್ಟು ಎತ್ತರವಾದರೆ ಒಂಬತ್ತು ಪಟ್ಟು. ಎರಡು ಮೀಟರು ಎತ್ತರದ ಅಲೆಗಳು ಎಂಟು ಸೆಕೆಂಡಿಗೊಂದರಂತೆ ಬರ್ತಾ ಇದ್ದರೆ, ಆಳ ಕಡಲಿನಲ್ಲಿ ಒಂದು ಮೀಟರು ಅಗಲಕ್ಕೆ ಸುಮಾರು 16 ಕಿಲೋವ್ಯಾಟ್ ಶಕ್ತಿ ಹಾದು ಹೋಗ್ತದೆ. ಹತ್ತು ಎಚ್‌ಪಿಯ ಎರಡು ಬೋರ್‌ವೆಲ್ ಮೋಟರು ಓಡಿಸುವಷ್ಟು. ಒಂದು ಮಾರು ಕೂಡ ಇಲ್ಲದ ಅಗಲದಲ್ಲಿ! ಅದಕ್ಕೇ ವಿಜ್ಞಾನಿಗಳಿಗೆ ಅಲೆಯ ಮೇಲೆ ಆಸೆ.

ಹಿಡಿಯೋದು ಹೇಗೆ? ಇದು ಹೆಣ್ಣುಮಕ್ಕಳಿಗೂ ಮಕ್ಕಳಿಗೂ ಅರ್ಥವಾಗುವ ವಿಷಯ. ಒಂದು ಲೋಟ ತಗೊಳ್ಳಿ, ತಳದಲ್ಲಿ ಸಣ್ಣ ತೂತು ಮಾಡಿ. ಬೋರಲು ಹಾಕಿ ನೀರಿನ ತೊಟ್ಟಿಯೊಳಗೆ ಅದುಮಿ. ತೂತಿನಿಂದ ಗಾಳಿ ಬುಸ್ಸನೆ ಹೊರಗೆ ಬರ್ತದೆ. ಮೇಲಕ್ಕೆ ಎತ್ತಿ, ಗಾಳಿ ಒಳಕ್ಕೆ ಹೋಗ್ತದೆ. ಇಲ್ಲಿ ಲೋಟ ಆಡ್ತು. ಸಮುದ್ರದಲ್ಲಿ ಲೋಟ ನಿಂತಿರ್ತದೆ, ನೀರು ಆಡ್ತದೆ. ಕಡಲಿನ ತಳದಲ್ಲಿ ಕಾಂಕ್ರೀಟಿನ ದೊಡ್ಡ ಪೆಟ್ಟಿಗೆಯನ್ನು ಕೂರಿಸ್ತಾರೆ, ಅದರ ಮುಂದೆ ನೀರಿನೊಳಗೆ ಬಾಯಿ ಇರ್ತದೆ. ಅಲೆ ಬಂದಾಗ ಒಳಗಿನ ನೀರು ಏರಿ ಗಾಳಿಯನ್ನು ಮೇಲಿನ ಕೊಳವೆಯಿಂದ ದಬ್ತದೆ, ಅಲೆ ಹಿಂದಕ್ಕೆ ಹೋದಾಗ ಗಾಳಿಯನ್ನು ಒಳಗೆ ಎಳೀತದೆ. ಕಮ್ಮಾರರ ಕುಲುಮೆಯ ತಿದಿ ಇದ್ದ ಹಾಗೆ. ಆ ಕೊಳವೆಯಲ್ಲಿ ಚಕ್ರ ಇಟ್ಟರೆ ಚಕ್ರ ತಿರುಗ್ತದೆ.

ಇಲ್ಲೊಂದು ತೊಡಕಿತ್ತು. ಗಾಳಿ ಒಮ್ಮೆ ಹೊರಗೆ, ಒಮ್ಮೆ ಒಳಗೆ. ಚಕ್ರ ಒಮ್ಮೆ ಬಲಕ್ಕೆ ಒಮ್ಮೆ ಎಡಕ್ಕೆ ತಿರುಗಿದರೆ ಕೆಲಸ ಕೆಟ್ಟಿತು. 1970ರ ದಶಕದಲ್ಲಿ ಬೆಲ್‌ಫಾಸ್ಟಿನ ಪ್ರೊಫೆಸರ್ ಅಲನ್ ವೆಲ್ಸ್ ಎಂಬುವರು ಇದಕ್ಕೆ ಪರಿಹಾರ ಕಂಡುಹಿಡಿದರು. ಅವರ ಚಕ್ರದ ರೆಕ್ಕೆ ಎರಡೂ ಬದಿಗೆ ಒಂದೇ ಸಮ. ಗಾಳಿ ಯಾವ ಕಡೆಯಿಂದ ಬಂದರೂ ಚಕ್ರ ಒಂದೇ ದಿಕ್ಕಿಗೆ ತಿರುಗ್ತದೆ. ಅದನ್ನು ವೆಲ್ಸ್ ಟರ್ಬೈನ್ ಅಂತಲೇ ಕರೀತಾರೆ. 1973ರಲ್ಲಿ ಅರಬ್ ದೇಶಗಳು ಎಣ್ಣೆ ಬಿಗಿ ಹಿಡಿದಾಗ ಲೋಕವೆಲ್ಲ ಬೇರೆ ದಾರಿ ಹುಡುಕಿತು. ಎಡಿನ್‌ಬರೋದ ಸ್ಟೀಫನ್ ಸಾಲ್ಟರ್ ಅವರು ಅಲೆಗೆ ತಲೆ ಆಡಿಸುವ ಬಾತುಕೋಳಿಯಂಥ ಯಂತ್ರವನ್ನು 1974ರಲ್ಲಿ ಜಗತ್ತಿನ ಮುಂದೆ ಇಟ್ಟರು. ಜಪಾನಿನ ಯೋಶಿಯೊ ಮಸೂದ ಅವರು ಅದಕ್ಕೂ ಮುಂಚೆಯೇ ಹಡಗಿಗೆ ದಾರಿ ತೋರಿಸುವ ತೇಲು ದೀಪಗಳನ್ನು ಅಲೆಯಿಂದ ಉರಿಸಿದ್ದರು.

ನಮ್ಮ ದೇಶವೂ ಹಿಂದೆ ಬೀಳಲಿಲ್ಲ. ಕೇರಳದ ತಿರುವನಂತಪುರದ ಹತ್ತಿರ ವಿಳಿಂಜಂ ಅಂತ ಮೀನುಗಾರರ ಊರು. ಅಲ್ಲಿ ಮದ್ರಾಸಿನ ಐಐಟಿಯವರು ಕೇಂದ್ರ ಸರ್ಕಾರದ ಸಾಗರ ಅಭಿವೃದ್ಧಿ ಇಲಾಖೆಯ ನೆರವಿನಿಂದ 150 ಕಿಲೋವ್ಯಾಟ್ ಸಾಮರ್ಥ್ಯದ ಸ್ಥಾವರ ಕಟ್ಟಿದರು. ಸುಮಾರು 3,000 ಟನ್ ತೂಕದ ಕಾಂಕ್ರೀಟು ಪೆಟ್ಟಿಗೆಯನ್ನು ತೇಲಿಸಿಕೊಂಡು ಹೋಗಿ ಅಲೆತಡೆ ಗೋಡೆಯ ಹೊರಗೆ ಕೂರಿಸಿದರು. 1991ರಲ್ಲಿ ವಿದ್ಯುತ್ತು ಹೊರಟಿತು. ಅಲೆಯಿಂದ ಕರೆಂಟು ತೆಗೆದ ದೇಶಗಳ ಸಾಲಿನಲ್ಲಿ ಭಾರತ ಆಗಲೇ ನಿಂತಿತ್ತು. ಇದು ಹೆಮ್ಮೆಯ ವಿಷಯ. 150 ಕಿಲೋವ್ಯಾಟ್ ಅಂದರೆ ಹತ್ತು ಎಚ್‌ಪಿಯ ಇಪ್ಪತ್ತು ಮೋಟರಿಗೆ ಸಮ.

ಆದರೆ ಹೆಮ್ಮೆಯ ಜೊತೆಗೆ ಪೂರ್ತಿ ಕಥೆಯನ್ನೂ ಹೇಳಬೇಕು. ಮುಂಗಾರಿನಲ್ಲಿ ಅಲೆ ಜೋರು, ಕರೆಂಟು ಜೋರು. ಚಳಿಗಾಲದಲ್ಲಿ ಕಡಲು ತಣ್ಣಗೆ, ಚಕ್ರವೂ ತಣ್ಣಗೆ. ಅಲೆ ಸಣ್ಣದಾದಾಗ ಕೊಡಬೇಕಾದ ಜನರೇಟರೇ ಲೈನಿನಿಂದ ಕರೆಂಟು ಎಳೆದುಕೊಳ್ಳುವ ತೊಂದರೆ ಕಾಣಿಸಿತು. ಹಾಲು ಕೊಡದ ಎಮ್ಮೆ ಹಿಂಡಿ ಮಾತ್ರ ತಿಂದ ಹಾಗೆ. ಯಂತ್ರಗಳನ್ನು ಬದಲಾಯಿಸಿ ನೋಡಿದರು. 1993ರಲ್ಲಿ ಚೆನ್ನೈಯಲ್ಲಿ ಹುಟ್ಟಿದ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯವರು ಕೆಲಸ ಮುಂದುವರಿಸಿ, ಆ ಶಕ್ತಿಯಿಂದ ದಿನಕ್ಕೆ 10,000 ಲೀಟರು ಉಪ್ಪುನೀರನ್ನು ಸಿಹಿ ಮಾಡುವ ಪ್ರಯೋಗವನ್ನೂ ಮಾಡಿದರು. ಕೊನೆಗೆ 2011ರಲ್ಲಿ ಸ್ಥಾವರ ನಿಂತಿತು. ಈಗ ಅದೇ ವಿಳಿಂಜಂನಲ್ಲಿ ದೊಡ್ಡ ಹಡಗುಗಳ ಬಂದರು ಆಗಿದೆ.

ನಾರ್ವೆಯ ಕಥೆ ಇನ್ನೂ ಕಠಿಣ. ಬರ್ಗೆನ್ ಪಟ್ಟಣದ ಹತ್ತಿರ 1985ರಲ್ಲಿ 500 ಕಿಲೋವ್ಯಾಟಿನ ಸ್ಥಾವರ ಕಟ್ಟಿದರು. 1988ರ ಡಿಸೆಂಬರಿನ ಬಿರುಗಾಳಿ ಅದನ್ನು ಕಿತ್ತು ಹಾಕಿತು. ಕಡಲು ಕೊಡುವಾಗಲೂ ಮಿತಿಯಿಲ್ಲ, ಕೆಡವುವಾಗಲೂ ಮಿತಿಯಿಲ್ಲ. ದಿನವೂ ದುಡಿಯುವ ಅಲೆಗೆ ಹಗುರವಾದ ಯಂತ್ರ ಸಾಕು. ವರ್ಷಕ್ಕೊಮ್ಮೆ ಬರುವ ರಾಕ್ಷಸ ಅಲೆಗೆ ತಡೆಯಬೇಕಾದರೆ ಕೋಟೆಯಷ್ಟು ಗಟ್ಟಿ ಬೇಕು. ಗಟ್ಟಿ ಮಾಡಿದಷ್ಟೂ ದುಡ್ಡು. ಮೇಲೆ ಉಪ್ಪುನೀರಿನ ತುಕ್ಕು ಬೇರೆ. ಅಲೆ ವಿದ್ಯುತ್ತು ದುಬಾರಿಯಾಗಿ ಉಳಿದಿರುವುದಕ್ಕೆ ಇದೇ ಕಾರಣ.

ಆದರೆ ಜಾಣತನದ ದಾರಿಯೂ ಉಂಟು. ಸ್ಪೇನ್ ದೇಶದ ಮುತ್ರಿಕು ಎಂಬ ಸಣ್ಣ ಬಂದರಿನ ಊರಿಗೆ ಹೇಗೂ ಅಲೆತಡೆ ಗೋಡೆ ಬೇಕಾಗಿತ್ತು. ಗೋಡೆ ಕಟ್ಟುವಾಗಲೇ ಅದರೊಳಗೆ ಗಾಳಿಯ ಕೋಣೆಗಳನ್ನು ಬಿಟ್ಟು 16 ಟರ್ಬೈನ್ ಕೂರಿಸಿದರು. ಒಟ್ಟು 296 ಕಿಲೋವ್ಯಾಟ್. 2011ರಲ್ಲಿ ಅದು ಶುರುವಾಯಿತು. ಗೋಡೆ ದೋಣಿಗಳನ್ನು ಕಾಯ್ತದೆ, ಜೊತೆಗೆ ಕರೆಂಟೂ ಕೊಡ್ತದೆ. ಒಂದು ಖರ್ಚಿನಲ್ಲಿ ಎರಡು ಕೆಲಸ.

ಇನ್ನು ನಮ್ಮ ರಾಜ್ಯ. ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಸೇರಿ ಸುಮಾರು 300 ಕಿಲೋಮೀಟರು ಕಡಲ ತೀರ ನಮಗಿದೆ. ಮುಂಗಾರಿನಲ್ಲಿ ಅಲ್ಲಿ ಮೂರು ಮೀಟರು ಎತ್ತರದ ಅಲೆಗಳು ಏಳ್ತವೆ. ಬಾಕಿ ತಿಂಗಳುಗಳಲ್ಲಿ ಬಹುಪಾಲು ಒಂದು ಮೀಟರಿನ ಆಸುಪಾಸು. ಆಗಲೇ ಹೇಳಿದ ಲೆಕ್ಕ ನೆನಪಿಡಿ, ಒಂದಕ್ಕೆ ಒಂಬತ್ತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವ ಹಾಗಿಲ್ಲ, 61 ದಿನ ಮೀನುಗಾರಿಕೆಗೆ ನಿಷೇಧ. ಮೀನುಗಾರನ ಒಲೆ ತಣ್ಣಗಿರುವ ಆ ದಿನಗಳಲ್ಲೇ ಅಲೆಯ ಶಕ್ತಿ ಅತಿ ಹೆಚ್ಚು. ಅದೇ ದಿನಗಳಲ್ಲಿ ಮೋಡ ಮುಸುಕಿ ಬಿಸಿಲಿನ ಕರೆಂಟು ಕಡಿಮೆಯಾಗ್ತದೆ. ಬಿಸಿಲಿಲ್ಲದ ಹೊತ್ತಿಗೆ ಅಲೆ ಜೊತೆಯಾಗಬಹುದು. ಆದರೆ ಅದೇ ಹೊತ್ತಿಗೆ ಶರಾವತಿಯೂ ತುಂಬ್ತದೆ, ಹೊಲದ ಪಂಪೂ ನಿಂತಿರ್ತದೆ ಅನ್ನೋದನ್ನೂ ಮರೀಬಾರದು. ಬೇಸಿಗೆಯಲ್ಲಿ ನಮಗೆ ಕರೆಂಟು ಬೇಕೇ ಬೇಕಾದಾಗ ಅಲೆ ಅಷ್ಟಾಗಿ ಕೈಗೆ ಸಿಗುವುದಿಲ್ಲ.

ಅದೇ ಮುಂಗಾರಿನ ಅಲೆ ಉಳ್ಳಾಲದ ದಡದಲ್ಲಿ ಮನೆ, ತೆಂಗಿನ ಮರಗಳನ್ನು ನುಂಗಿದ್ದನ್ನು ವರ್ಷ ವರ್ಷವೂ ಪತ್ರಿಕೆಯಲ್ಲಿ ಓದ್ತೇವೆ. ಕೊರೆತ ತಡೆಯಲು ಅಲ್ಲಿ ಕಲ್ಲಿನ ತಡೆಗಳನ್ನು, ಕಡಲೊಳಗಿನ ದಿಬ್ಬಗಳನ್ನು ಕಟ್ಟಿದ್ದಾರೆ. ಗೋಡೆ ಕಟ್ಟುವುದು ತಪ್ಪದಿದ್ದಲ್ಲಿ, ಮುತ್ರಿಕು ಮಾಡಿದಂತೆ ಅದರಲ್ಲೇ ಕರೆಂಟು ತೆಗೆಯಲು ಆದೀತೇ ಎಂದು ಲೆಕ್ಕ ಹಾಕಿ ನೋಡುವುದು ಬುದ್ಧಿವಂತಿಕೆ. ಮನೆ ಕೆಡವುವ ಶಕ್ತಿಯಿಂದಲೇ ಮನೆಗೆ ದೀಪ ಹಚ್ಚಿಸಬಹುದಾದರೆ ಅದಕ್ಕಿಂತ ಒಳ್ಳೆಯದೇನಿದೆ?

ದೇಶದ ಮಟ್ಟದಲ್ಲಿ ಅಲೆಯಿಂದ ಸುಮಾರು 41,300 ಮೆಗಾವ್ಯಾಟ್, ಉಬ್ಬರದಿಂದ ಸುಮಾರು 12,455 ಮೆಗಾವ್ಯಾಟ್ ಸಾಧ್ಯ ಎಂದು ಅಂದಾಜು ಮಾಡಿದ್ದಾರೆ. 2019ರಲ್ಲಿ ಕೇಂದ್ರ ಸರ್ಕಾರ ಸಾಗರದ ಶಕ್ತಿಯನ್ನು ನವೀಕರಿಸಬಹುದಾದ ಇಂಧನ ಎಂದು ಘೋಷಿಸಿತು. 2022ರ ನವೆಂಬರಿನಲ್ಲಿ ಐಐಟಿ ಮದ್ರಾಸಿನವರು ತೂತ್ತುಕುಡಿ ತೀರದಿಂದ ಆರು ಕಿಲೋಮೀಟರು ಒಳಗೆ 'ಸಿಂಧುಜಾ-1' ಎಂಬ ತೇಲುವ ಯಂತ್ರ ಇಟ್ಟು ಪರೀಕ್ಷಿಸಿದರು. ಅದು ಕೊಟ್ಟದ್ದು ಎಷ್ಟು ಗೊತ್ತೇ? 100 ವ್ಯಾಟ್. ಹಳೇ ಕಾಲದ ಒಂದು ಬಲ್ಬು. ನಗಬೇಡಿ. ಕೂಸು ಮೊದಲು ಅಂಬೆಗಾಲಿಡಬೇಕು. ಆದರೆ 41,300 ಮೆಗಾವ್ಯಾಟ್ ಎಂಬ ಅಂದಾಜಿಗೂ ಕೈಯಲ್ಲಿರುವ 100 ವ್ಯಾಟಿಗೂ ನಡುವೆ ಎಷ್ಟು ದೂರ ಇದೆ ಅನ್ನೋದು ಷೇರುದಾರರಾದ ನಮಗೆ ಗೊತ್ತಿರಬೇಕು. ನಾಳೆ ಯಾರಾದರೂ ಬಣ್ಣದ ಕಾಗದ ಹಿಡಿದುಕೊಂಡು ಬಂದು "ಅಲೆ ಕರೆಂಟಿನ ಕಂಪನಿ, ದುಡ್ಡು ಹಾಕಿ, ಮೂರು ವರ್ಷಕ್ಕೆ ಡಬಲ್" ಅಂದರೆ, ಸಂಘದ ಬಾಗಿಲಲ್ಲೇ ಕೈಮುಗಿದು ಕಳಿಸಿಬಿಡಿ. ಇದು ಸರ್ಕಾರದ, ವಿಜ್ಞಾನ ಸಂಸ್ಥೆಗಳ ದುಡ್ಡಿನಲ್ಲಿ ಇನ್ನೂ ಕೆಲವು ವರ್ಷ ಬೆಳೆಯಬೇಕಾದ ಬೆಳೆ. ಬಡವರ ಠೇವಣಿಯಿಂದ ಬೆಳೆಯುವಂಥದ್ದಲ್ಲ.

ಹಾಗಾದರೆ ಈಗ ಯೋಚಿಸಬೇಕಾದ್ದು ಏನು? ಬಂಧುಗಳೇ, ನಮ್ಮ ಮುಖ್ಯವಾದ ಮಾತು ಇಲ್ಲಿದೆ. ಯಂತ್ರ ಯಾವುದೇ ಇರಲಿ, ಅದು ಯಾರದು, ಅದಕ್ಕೆ ಜಾಗ ಕೊಟ್ಟವರಿಗೆ ಏನು ಸಿಕ್ಕಿತು, ಇದು ದೊಡ್ಡ ಪ್ರಶ್ನೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಾಗ ಸಾವಿರಾರು ಸಂಸಾರಗಳು ಮನೆ, ಗದ್ದೆ, ದೇವಸ್ಥಾನ ಬಿಟ್ಟು ಎದ್ದು ಹೋದವು. ನಾಡಿಗೆಲ್ಲ ಬೆಳಕು ಬಂತು. ಅರವತ್ತು ವರ್ಷ ಕಳೆದರೂ ಅವರಲ್ಲಿ ಎಷ್ಟೋ ಜನರ ಜಮೀನಿನ ಹಕ್ಕಿನ ವಿಚಾರ ಪೂರ್ತಿ ಬಗೆಹರಿದಿಲ್ಲ. ನಮ್ಮ ಮನೆಯ ಬಿಲ್ಲಿನಲ್ಲಿ ಆ ಲೆಕ್ಕ ಬರೆದಿರುವುದಿಲ್ಲ. 2023ರಿಂದ ಗೃಹಜ್ಯೋತಿ ಯೋಜನೆಯಲ್ಲಿ ಬಿಲ್ಲು ಸೊನ್ನೆ ಬಂದ ಮನೆಗಳು ನಮ್ಮಲ್ಲೂ ಇವೆ, ಸಂತೋಷ. ಆದರೆ ಸೊನ್ನೆ ಬಿಲ್ಲು ಅಂದರೆ ಸೊನ್ನೆ ಖರ್ಚು ಅಂತಲ್ಲ. ಯಾರೋ ಎಲ್ಲೋ ಕೊಡ್ತಾ ಇದ್ದಾರೆ.

ಪಾವಗಡದಲ್ಲಿ ಬೇರೆ ರೀತಿ ಮಾಡಿದರು. ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟಿನ ಸೌರ ಪಾರ್ಕು. ರೈತರಿಂದ ಜಮೀನು ಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು, ಎರಡು ವರ್ಷಕ್ಕೊಮ್ಮೆ ಶೇಕಡಾ 5ರಂತೆ ಏರಿಕೆ. ಪಹಣಿ ರೈತನ ಹೆಸರಲ್ಲೇ ಉಳೀತು. ಜಮೀನಿಲ್ಲದ ಕೂಲಿಯವರಿಗೆ ಅಲ್ಲಿ ಕೆಲಸ ಕಡಿಮೆಯಾಯಿತು ಎಂಬ ಕೊರಗು ಇದೆ, ಅದನ್ನೂ ಮರೆಮಾಚಬಾರದು. ಆದರೂ ಮಾರಿ ಕೈತೊಳೆದುಕೊಳ್ಳುವುದಕ್ಕೂ ಉಳಿಸಿಕೊಂಡು ಬಾಡಿಗೆ ಪಡೆಯುವುದಕ್ಕೂ ವ್ಯತ್ಯಾಸ ಎಷ್ಟು ಅನ್ನೋದು ಬೇಗೂರಿನವರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ರಾಗಿ, ಅವರೆ ಬೆಳೀತಿದ್ದ ನಮ್ಮ ಹೊಲಗಳು ಲೇಔಟಾದವು. ಬಂದ ದುಡ್ಡು ಮದುವೆಗೆ, ಮನೆಗೆ, ಕಾರಿಗೆ ಹೋಯಿತು. ಬೆಲೆ ಏರಿದ ಲಾಭ ಮಾತ್ರ ನಮ್ಮ ಕೈಗೆ ಬರಲಿಲ್ಲ. 'ಬೆಂಗಳೂರು' ಎಂಬ ಹೆಸರನ್ನು ಸಾವಿರ ವರ್ಷಕ್ಕೂ ಹಿಂದೆಯೇ ಕಲ್ಲಿನಲ್ಲಿ ಹೊತ್ತ ಊರು ನಮ್ಮದು, ನಾಗೇಶ್ವರ ದೇವಸ್ಥಾನದಲ್ಲಿ ಆ ಶಾಸನ ಈಗಲೂ ಇದೆ. ಆ ಬೆಂಗಳೂರು ಬೆಳೆದು ಬಂದು ನಮ್ಮನ್ನೇ ಒಳಗೆ ಸೇರಿಸಿಕೊಂಡಿತು.

ಕಡಲಿಗೆ ಪಹಣಿ ಇಲ್ಲ. ಅಲ್ಲಿ ಬಲೆ ಬೀಸುವವನ ಹತ್ತಿರ "ಇದು ನನ್ನದು" ಅಂತ ತೋರಿಸಲು ಕಾಗದ ಇಲ್ಲ. ನಾಳೆ ಅಲೆಯ ಯಂತ್ರಗಳು ಸಾಲಾಗಿ ಬಂದು ನಿಂತರೆ, ದೋಣಿ ಹೋಗುವ ದಾರಿ, ಮೀನು ಸಿಗುವ ಜಾಗ ಮುಚ್ಚಿ ಹೋಗಬಹುದು. ಗುತ್ತಿಗೆಯ ದುಡ್ಡು ಕೂಡ ಅವನಿಗೆ ಬರುವುದಿಲ್ಲ, ಏಕೆಂದರೆ ಗುತ್ತಿಗೆ ಬರೆದುಕೊಡಲು ಅವನ ಹೆಸರಲ್ಲಿ ಏನೂ ಇಲ್ಲ. ಅದಕ್ಕೇ ಕಡಲ ವಿದ್ಯುತ್ತು ಬರುವ ಮೊದಲೇ ಮೀನುಗಾರರ ಸಹಕಾರ ಸಂಘಗಳನ್ನು ಪಾಲುದಾರರನ್ನಾಗಿ ಮಾಡಬೇಕು ಎಂಬುದು ನಮ್ಮ ಅಭಿಪ್ರಾಯ.

ಇದು ಕನಸಿನ ಮಾತಲ್ಲ. ಬೆಳಗಾವಿ ಜಿಲ್ಲೆಯ ಹುಕ್ಕೇರಿಯಲ್ಲಿ 1969ರಲ್ಲಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಹುಟ್ಟಿತು. ಕರೆಂಟನ್ನು ಸಗಟಾಗಿ ಕೊಂಡು ಹಳ್ಳಿಗಳಿಗೆ ಹಂಚುವ ಸಂಘ, ಇಡೀ ರಾಜ್ಯದಲ್ಲಿ ಅಂಥದ್ದು ಅದೊಂದೇ. ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದ ಎದುರು ಕಡಲಿನಲ್ಲಿ 2000ದ ಇಸವಿಯಲ್ಲಿ 20 ಗಾಳಿಯಂತ್ರ ನಿಲ್ಲಿಸಿದರು. ಅದರಲ್ಲಿ ಅರ್ಧ ಪಾಲು ಎಂಟು ಸಾವಿರಕ್ಕೂ ಹೆಚ್ಚು ಸದಸ್ಯರಿದ್ದ ಒಂದು ಸಹಕಾರಿಯದು. ನಮ್ಮ ನಿಮ್ಮಂಥವರೇ, ಷೇರು ಕೊಂಡವರು. ಅವರಿಗೆ ಆದದ್ದು ಮಲ್ಪೆಗೋ ಹೊನ್ನಾವರಕ್ಕೋ ಯಾಕೆ ಆಗಬಾರದು?

ಕಡೆಯದಾಗಿ, ನಮ್ಮ ಸಂಘ ಏನು ಮಾಡಬಹುದು? ಮೂರು ಸಲಹೆ ಮುಂದಿಡ್ತೇವೆ. ಒಂದು, ಅಲೆ ಬರುವವರೆಗೆ ಕಾಯೋದು ಬೇಡ, ಬಿಸಿಲು ನಮ್ಮ ತಲೆಯ ಮೇಲೇ ಇದೆ. ಸಂಘದ ಕಟ್ಟಡದ ಮಾಳಿಗೆಯ ಮೇಲೆ ಸೌರ ಫಲಕ ಹಾಕುವ ಲೆಕ್ಕವನ್ನು ಮುಂದಿನ ಸರ್ವಸದಸ್ಯರ ಸಭೆಗೆ ತರಬೇಕು. ಎರಡು, ಸಂಘದ ಬೋರ್‌ವೆಲ್ಲು, ದೀಪ, ಫ್ಯಾನು, ಫ್ರಿಜ್ಜು ತಿಂಗಳಿಗೆ ಎಷ್ಟು ಯೂನಿಟ್ ತಿಂತವೆ ಅನ್ನೋದನ್ನು ನೋಟೀಸು ಬೋರ್ಡಿನಲ್ಲಿ ಬರೆದು ಹಾಕಬೇಕು. ಉಳಿಸಿದ ಯೂನಿಟ್ಟೂ ತಯಾರಿಸಿದ ಯೂನಿಟ್ಟೂ ಒಂದೇ. ಮೂರು, ನಮ್ಮ ಮಕ್ಕಳಲ್ಲಿ ಎಂಜಿನಿಯರಿಂಗ್ ಓದುವವರು ಬಹಳ ಜನ ಇದ್ದಾರೆ. ಎಲ್ಲರೂ ಕಂಪ್ಯೂಟರನ್ನೇ ಓದಬೇಕೆಂದಿಲ್ಲ. ಸುರತ್ಕಲ್ಲಿನಲ್ಲೂ ಚೆನ್ನೈಯಲ್ಲೂ ಸಾಗರದ ವಿದ್ಯೆ ಕಲಿಸ್ತಾರೆ. ಒಬ್ಬಿಬ್ಬರು ಅತ್ತ ಹೋಗಲಿ. ಸಂಘದ ಪ್ರತಿಭಾ ಪುರಸ್ಕಾರದಲ್ಲಿ ಅಂಥವರಿಗೆ ಒಂದು ಬಹುಮಾನ ಇಟ್ಟರೆ ಚೆನ್ನ.

ಒಂದು ಲೀಟರು ಹಾಲಿನಿಂದ ಡೈರಿ ಕಟ್ಟಲಾಗುವುದಿಲ್ಲ, ಮನೆಮನೆಯ ಲೀಟರು ಸೇರಿದಾಗ ಕಟ್ಟಲಾಗ್ತದೆ ಎಂಬುದನ್ನು ಕನ್ನಡ ನಾಡಿನ ಹಳ್ಳಿಗಳು ಮಾಡಿ ತೋರಿಸಿವೆ. ವಿದ್ಯುತ್ತಿಗೂ ಅದೇ ಮಾತು ಸಲ್ಲುತ್ತದೆ. ಸಂಘದ ಮುಂದಿನ ಇಪ್ಪತ್ತೈದು ವರ್ಷ ಇನ್ನೂ ಚೆನ್ನಾಗಿ ನಡೆಯಲಿ. ಸುವರ್ಣ ಮಹೋತ್ಸವದ ಹೊತ್ತಿಗೆ ಈ ವೇದಿಕೆಯ ದೀಪದಲ್ಲಿ ಒಂದಾದರೂ ಕರಾವಳಿಯ ಮೀನುಗಾರರ ಸಹಕಾರ ಸಂಘ ಕಳಿಸಿದ ಕರೆಂಟಿನಿಂದ ಉರಿಯಲಿ ಎಂದು ಹಾರೈಸ್ತೇವೆ.

ಜೈ ಕರ್ನಾಟಕ, ಜೈ ಸಹಕಾರ.